ಕಾಲು ಸುತ್ತು

ಸಲ್ಮಾಬಾದಿನ ಹದಿನಾಲ್ಕನೇ ಶೆಡ್ಡಿನಲ್ಲಿ
ಆಗಸ್ಟ್ ಎಂದರೆ ಒದ್ದೆ ಕಂಬಳಿ.
ಫ್ಯಾನು ತಿರುಗುತ್ತದೆ, ಗಾಳಿ ಅಲುಗುವುದಿಲ್ಲ.
ಬೂ ಜಾಸಿಮನ ಎರಡು ಸಿಲಿಂಡರಿನ ಗಾಡಿ
ಸ್ಟ್ಯಾಂಡಿನ ಮೇಲೆ ತೊಡೆ ಅಗಲಿಸಿ ಕೂತಿದೆ,
ನಡುವೆ ಕಾರ್ಬುರೇಟರಿನ ಜೋಡಿ.

ಮುಂದಿನದಕ್ಕೆ ದಾರಿಯ ಗಾಳಿಯೆಲ್ಲ ಮೊದಲು.
ಹಿಂದಿನದಕ್ಕೆ ಅದರ ಎಂಜಲು,
ಬಿಸಿಯಾಗಿ, ಸ್ವಲ್ಪ ತಡವಾಗಿ.
ಅದಕ್ಕೇ ಮಕ್ತುಮ್‌ಸಾಬರು ಹೇಳುತ್ತಿದ್ದರು:
'ಎರಡಕ್ಕೂ ಒಂದ ಅಳತಿ ಹಾಕಬ್ಯಾಡೋ ಗಣಪೂ.
ಹಿಂದಿನಾಕಿ ಒಲಿ ಮುಂದ ಕುಂತಾಳ,
ಆಕಿಗೆ ಒಂದು ಗುಟುಕು ಹೆಚ್ಚು ಕೊಡು.
ಅಳತಿ ಬ್ಯಾರೆ, ಹದ ಬ್ಯಾರೆ.'

ಅವರ ತಂದೆ ಗಜೇಂದ್ರಗಡದಲ್ಲಿ ಹತ್ತಿ ಹಿಂಜುವವರು.
ಬಿಲ್ಲಿನ ನಾರಿಯ ಸದ್ದು ಕೇಳಿಯೇ
ಅರಳೆಯೊಳಗಿನ ಗಂಟು ಹೇಳುತ್ತಿದ್ದರಂತೆ.
ಮಗನಿಗೆ ಬಂದದ್ದು ಆ ಕಿವಿಯೊಂದೇ,
ಬಹರೇನಿನಲ್ಲಿ ಇಪ್ಪತ್ತಾರು ವರ್ಷದ ಬಂಡವಾಳ.
ಗಾಡಿಯ ಬಲಗಡೆ ಸ್ಟೂಲು, ಕೈಯಲ್ಲಿ ಸ್ಕ್ರೂಡ್ರೈವರು,
ಕಣ್ಣು ಮುಚ್ಚಿ
ಒಳಗೆ ಕಾಲು, ಹೊರಗೆ ಅರೆ,
ಪಾಕ ನೋಡುವ ಮಿಠಾಯಿಯವನ ಹಾಗೆ
ತಟ್ಟನೆ ನಿಲ್ಲಿಸುವರು.
ಪ್ಲಗ್ಗು ಬಿಚ್ಚಿದರೆ ಎರಡೂ ಒಂದೇ ಬಣ್ಣ:
ಹುರಿದ ಶೇಂಗಾದ ಸಿಪ್ಪೆ.

ಕಳೆದ ಚಳಿಗಾಲದಿಂದ
ಮುಂದಿನ ಪ್ಲಗ್ಗು ಕಾಡಿಗೆ.
ಒಂದು ಗಾಡಿಯಲ್ಲಲ್ಲ, ಐದರಲ್ಲಿ.
'ಮುಂದಿನದು ಹಸದೈತಿ' ಎನ್ನುವರು,
ಕಾಲು ಸುತ್ತು ಬಿಚ್ಚುವರು.
ಹಸಿದಿರಲಿಲ್ಲ ಅದು. ಉಂಡು ತೇಗುತ್ತಿತ್ತು,
ಸೈಲೆನ್ಸರಿನ ತುದಿಯಲ್ಲಿ ಹಸಿ ಪೆಟ್ರೋಲಿನ ವಾಸನೆ.
ನಾನು ಹೇಳಲಿಲ್ಲ.
ಅವರು ಇಶಾ ನಮಾಜಿಗೆ ಹೋದ ಮೇಲೆ
ಸಾಕುಮೀನಿನ ಅಂಗಡಿಯ ಮುನ್ನೂರು ಫಿಲ್ಸಿನ ಪೈಪಿಗೆ
ಅರ್ಧ ಎಣ್ಣೆ ತುಂಬಿಸಿ
ಒಂದೊಂದು ತುದಿ ಒಂದೊಂದು ಉಸಿರಿಗೆ ಸಿಕ್ಕಿಸಿ ನೋಡಿದೆ:
ಎಣ್ಣೆ ಎರಡೂ ಕಡೆ ಒಂದೇ ಮಟ್ಟ.
ಉಸಿರು ಸರಿ, ಊಟ ಹೆಚ್ಚು.
ಕಳ್ಳನ ಹಾಗೆ ಸ್ಕ್ರೂ ಒಳಗೆ ತಿರುಗಿಸಿದೆ.
ಮರುದಿನವೂ. ಅದರ ಮರುದಿನವೂ.

ಇವತ್ತು ಬೆಳಿಗ್ಗೆ ಕರಕ್ ಚಹಾದ ಲೋಟ ಕೆಳಗಿಟ್ಟು ಅವರೆಂದರು:
'ನಿನ್ನೆ ಇಟ್ಟಿದ್ದು ಎರಡೂಮುಕ್ಕಾಲು. ಈಗ ಎರಡೂವರಿ.
ಇಲ್ಲಿ ದೆವ್ವ ತಿರುವತೈತೇನು?'
ನಾನು ಕೈ ಒರೆಸಲು ಚಿಂದಿ ಹುಡುಕಿದೆ.
ಕೈಯಲ್ಲೇ ಇತ್ತು.

ಅವರು ಬೈಯಲಿಲ್ಲ.
ಕಿಡಿ ಹಾರದಿದ್ದಾಗ ಕಾಯಿಲು ಅದಲುಬದಲು ಮಾಡಿ
ತಪ್ಪು ಯಾರ ಬೆನ್ನು ಹತ್ತುತ್ತದೆ ನೋಡುತ್ತೇವಲ್ಲ,
ಹಾಗೆ, ಸ್ಟೂಲು ಎತ್ತಿಕೊಂಡು
ಗಾಡಿಯ ಎಡಗಡೆ ಹೋಗಿ ಕೂತರು.
ಆಲಿಸಿದರು. ಬಹಳ ಹೊತ್ತು.
ಈಗ ಹಿಂದಿನದು ಹಸಿದಿತ್ತು.

'ತಪ್ಪು ನನ್ನ ಕೂಡನ ಬಂತು ನೋಡು'
ಎಂದು ಬಲಗಿವಿಯ ಹಾಲೆ ಹಿಡಿದು ತೋರಿಸಿದರು,
ಸವೆದ ವಾಷರು ತೋರಿಸಿದ ಹಾಗೆ.

ಗಾಡಿ ಬಡಿಯುತ್ತಲೇ ಇತ್ತು, ಡುಗ್‌ಡುಗ್, ಡುಗ್.
ಅದು ಎಂದೂ ಸಮ ಬಡಿಯುವುದಿಲ್ಲ.
ಹುಟ್ಟೇ ಹಾಗೆ.

ಆಮೇಲೆ ಅವರು ಗಾಡಿಯ ಹಿಂದೆ ರಟ್ಟು ಹಾಸಿ ಕೂತರು.
ಎರಡು ಸೈಲೆನ್ಸರಿನ ಬಾಯಿಂದ ಗೇಣು ದೂರಕ್ಕೆ
ಎರಡು ಅಂಗೈ,
ದುವಾಕ್ಕೆ ಎತ್ತಿದ್ದನ್ನು ಮುಂದಕ್ಕೆ ಹೊರಳಿಸಿದಂತೆ.
ಸ್ಕ್ರೂಡ್ರೈವರು ನನ್ನ ಕಡೆ ಉರುಳಿ ಬಂತು.
'ಎಡಗೈಗೆ ಹಸಿ ಬಡೀತೈತಿ. ಒಳಗ ತಿರುವು.
ಇನ್ನಾ.
ಇನ್ನೊಂದು ಎಳ್ಳಷ್ಟು.
ತಡಿ.'

ಕೀ ಗೊಂಚಲು ಕುಣಿಸುತ್ತ ಬೂ ಜಾಸಿಮ್ ಬಂದ.
'ಖಲ್ಲಾಸ್?' ಎಂದು ಕೇಳಿದ.
ಮಕ್ತುಮ್‌ಸಾಬರು ತಿರುಗಲಿಲ್ಲ;
ಅವನು ನಿಂತದ್ದು ಬಲಗಡೆ.
ನಾನು ಸುಮ್ಮನಿರು ಎಂದು ಕೈ ತೋರಿಸಿದೆ.
ಆ ಎಡ ಅಂಗೈ ಇನ್ನೂ ತೆರೆದೇ ಇತ್ತು.